ಹಸಿರು ಗುರುತಿನ ಹೊಟ್ಟೆಕಿಚ್ಚು

ಪಕ್ಕದ ಮನೆಯವರ ಕಾರು ನೋಡಿ ಹೊಟ್ಟೆ ಉರಿಸಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಮೈಯಿಲ್ಲದ, ಮುಖವಿಲ್ಲದ, ಪಗಾರವೂ ಇಲ್ಲದ ಒಂದು ಪ್ರೋಗ್ರಾಮಿನ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಗೋಕಾಕ ತಾಲೂಕಿನಲ್ಲಿ ಬಹುಶಃ ನಾನೊಬ್ಬನೇ.

ನಾನು ಗೋಕಾಕದಲ್ಲಿ, ಸುಜಾತಾ ಮೂಡಲಗಿಯಲ್ಲಿ, ಬಸವರಾಜ ಹುಕ್ಕೇರಿಯಲ್ಲಿ, ಅವರವರ ಮನೆಯಲ್ಲೇ ಕೂತು ಒಂದೇ ಕಂಪನಿಯ ತಂತ್ರಾಂಶ ತಿದ್ದುತ್ತೇವೆ. ಒಂದೊಂದು ತಿದ್ದುಪಡಿಯೂ ಒಂದು ಪ್ಯಾಚ್. ಅದು ಪರೀಕ್ಷೆಯಲ್ಲಿ ಪಾಸಾದರೆ ಹಸಿರು ಗುರುತು, ಫೇಲಾದರೆ ಕೆಂಪು. ಫೇಲಾದದ್ದನ್ನು ಮತ್ತೆ ಪರೀಕ್ಷೆಗೆ ಕೂರಿಸುವುದು ರೀಟೆಸ್ಟ್. ಅಷ್ಟರಲ್ಲಿ ಮೂಲ ಕೋಡೇ ಬದಲಾಗಿದ್ದರೆ ಪ್ಯಾಚನ್ನು ಹೊಸ ಕೋಡಿನ ಮೇಲೆ ಕೂರಿಸಿ ಪರೀಕ್ಷಿಸಬೇಕು, ಅದು ರೀಬೇಸ್. ಈ ಎರಡೂ ಕೆಲಸ ನನ್ನ ಕೈಯಲ್ಲಿದ್ದವು. "ಸರ್, ನಂದೊಂದು ಪ್ಯಾಚ್ ಮತ್ತೊಮ್ಮಿ ನೋಡ್ರೆಲಾ" ಎಂದು ಬಸವರಾಜ ಫೋನಿನಲ್ಲಿ ಹಲ್ಲು ಗಿಂಜುವಾಗ, "ಭಾಳ ಕೆಲಸ ಐತಿ, ನೋಡೂಣು" ಎನ್ನುತ್ತ ಬಿಸಿ ಚಹಾ ಕುಡಿಯುವ ಸುಖವೇ ಬೇರೆ.

ಈ ಸುಖಕ್ಕೆ ಕಲ್ಲು ಹಾಕಿದವಳು ಸುಜಾತಾ. ಪ್ಯಾಚಿನ ಕೆಳಗೆ 'ರೀಟೆಸ್ಟ್' ಅಥವಾ 'ರೀಬೇಸ್' ಎಂದು ಬರೆದರೆ ಸಾಕು, ತಾನೇ ಮಾಡಿ ಮುಗಿಸುವ ಪ್ರೋಗ್ರಾಮೊಂದನ್ನು ಬರೆದಳು. ನನ್ನ ಫೋನು ಮೌನವ್ರತ ಹಿಡಿಯಿತು. "ಚಲೋ ಆತಲ್ರಿ, ನಿಮ್ಮ ತಲಿನೋವು ಹೋತು" ಎಂದಳು ಹೆಂಡತಿ. ನನಗೆ ಖರೆ ತಲೆನೋವು ಶುರುವಾದದ್ದೇ ಆಗ. ತಂಡದ ಗುಂಪಿನಲ್ಲಿ ಎಲ್ಲರೂ ಆ ಪ್ರೋಗ್ರಾಮಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ನನಗೆ ಒಬ್ಬರಾದರೂ ಹೇಳಿದ್ದರೇ?

ಅಂಥದರಲ್ಲಿ ನನ್ನದೇ ಪ್ಯಾಚ್ ಫೇಲಾಯಿತು. ತಪ್ಪು ನನ್ನದಿರಲು ಸಾಧ್ಯವಿಲ್ಲ, ಆ ಪ್ರೋಗ್ರಾಮೇ ಕೊನೆಗೂ ಎಡವಿತೆಂದು ಹಿಗ್ಗಿ 'ರೀಟೆಸ್ಟ್' ಎಂದು ಬರೆದೆ. ಮತ್ತೆ ಕೆಂಪು. ಮತ್ತೆ ಬರೆದೆ. ಎಂದಾದರೂ ತನ್ನ ತಪ್ಪು ಒಪ್ಪಿಕೊಳ್ಳಲೇಬೇಕಲ್ಲ ಎಂಬ ಹಟದಿಂದ ಬರೆಯುತ್ತಲೇ ಹೋದೆ. ಮಧ್ಯಾಹ್ನ ಬಸವರಾಜನ ಫೋನು! ಹಳೆಯ ಗತ್ತಿನಲ್ಲಿ, "ಹೇಳ್ರಿ, ಏನ್ ಟೆಸ್ಟ್ ಮಾಡಬೇಕಿತ್ತು?" ಎಂದೆ.

"ನಮ್ದೇನಿಲ್ರಿ ಸರ್. ನೀವು ಒಂದ ಪ್ಯಾಚ್ ಎಷ್ಟ್ ಸಲ ಕಳಸ್ತೀರಿ? ನಮ್ಮೆಲ್ಲಾರ ಪ್ಯಾಚ್ ನಿಮ್ಮ ಹಿಂದ ಪಾಳಿ ಹಚ್ಚ್ಯಾವ್ರಿ."

ಅದರ ಬೆನ್ನಿಗೇ ಸುಜಾತಾ ಫೋನು ಮಾಡಿದಳು. "ಸರ್, ನಿಮ್ಮದು ಹಳೇ ಕೋಡಿನ ಮ್ಯಾಲ ಕುಂತೈತ್ರಿ. ರೀಟೆಸ್ಟ್ ಎಷ್ಟ್ ಮಾಡಿದ್ರೂ ಅಷ್ಟ. ರೀಬೇಸ್ ಅಂತ ಬರೀರಿ."

"ಗೊತ್ತೈತ್ವಾ. ನಿನ್ನ ಪ್ರೋಗ್ರಾಮಿಗೆ ಗೊತ್ತೈತೋ ಇಲ್ಲೋ ಅಂತ ನೋಡಾಕತ್ತಿದ್ದೆ" ಎಂದೆ. ಆ ಕಡೆ ಅವಳು ನಗು ತಡೆದುಕೊಂಡದ್ದು ಮೂಡಲಗಿಯಿಂದ ಇಲ್ಲಿಯವರೆಗೆ ಕೇಳಿಸಿತು.

ಹಲ್ಲು ಕಚ್ಚಿ 'ರೀಬೇಸ್' ಎಂದು ಬರೆದೆ. ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹಸಿರು ಗುರುತು ಬಂತು. ಖುಷಿಪಟ್ಟು ಸುಮ್ಮನಿರಬಹುದಿತ್ತು. ಆದರೆ ಕೆಳಗೇ ಬಸವರಾಜನ ಪ್ಯಾಚಿಗೂ ಹಸಿರು ಬಂದಿತ್ತು. ಅವನದು ನನ್ನದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಹಸಿರಾಗಿದೆಯೇನೋ ಎಂದು ಕನ್ನಡಕ ಒರೆಸಿ, ಪರದೆಗೆ ಮೂಗು ಹಚ್ಚಿ ನೋಡುತ್ತ ಕೂತೆ.