ಗ್ಯಾರೇಜಿನಲ್ಲಿ ಕುಳಿತು ಗೆಲ್ಲಿಸಿದ ಕಾಕಾ

ನಮ್ಮೂರ ಬ್ಯಾಸ್ಕೆಟ್‌ಬಾಲ್ ತಂಡ ಅಷ್ಟೊಂದು ಕಪ್ ಗೆದ್ದದ್ದು ಯಾರಿಂದ ಎಂದು ಕೇಳಿದರೆ ಲೋಕವೆಲ್ಲ ಆಟಗಾರರ ಹೆಸರು ಹೇಳುತ್ತದೆ. ಪಾಪ, ಲೋಕಕ್ಕೇನು ಗೊತ್ತು! ಗೆಲ್ಲಿಸಿದ್ದು ನಮ್ಮ ಕಾಕಾ. ಅದೂ ಯೂನಿಯನ್ ಸಿಟಿಯ ಮನೆಯ ಗ್ಯಾರೇಜಿನಲ್ಲಿ, ಅಕ್ಕಿ ಚೀಲದ ಮೇಲೆ ಕುಳಿತು!

ಹುಬ್ಬಳ್ಳಿಯಿಂದ ಈ ದೇಶಕ್ಕೆ ಬಂದ ಹೊಸದರಲ್ಲೇ ಕಾಕಾ ಈ ತಂಡಕ್ಕೆ ಮನಸೋತರು. ಆಗ ಅದು ಸೋಲುವುದನ್ನೇ ಕಸುಬು ಮಾಡಿಕೊಂಡಿತ್ತು. ಕಾಕಾ ಒಂದು ಆಟವನ್ನೂ ಬಿಡದೆ, ಸೋಫಾದಲ್ಲಿ ಕುಳಿತು ಚುರುಮುರಿ ತಿನ್ನುತ್ತ ಸೋಲನ್ನು ಸವಿಯುತ್ತಿದ್ದರು. ಒಂದು ಸಂಜೆ ಅವರ ಹೆಂಡತಿ, ನಮ್ಮ ಕಾಕು, ಅಕ್ಕಿ ತರಲು ಗ್ಯಾರೇಜಿಗೆ ಕಳಿಸಿದಳು. ಚೀಲದ ಹೊಲಿಗೆ ಬಿಚ್ಚಿ ಅಕ್ಕಿ ತುಂಬಿಕೊಂಡು ಬರುವಷ್ಟರಲ್ಲಿ ತಂಡ ಗೆದ್ದುಬಿಟ್ಟಿತ್ತು! ಕಾಕಾಗೆ ಜ್ಞಾನೋದಯವಾಯಿತು. ಇಷ್ಟು ವರ್ಷದ ಸೋಲಿಗೆಲ್ಲ ಕಾರಣ ತಮ್ಮ ಕಣ್ಣೇ!

ಅಂದಿನಿಂದ ತಂಡ ಮುಂದಿದ್ದರೆ ಕಾಕಾ ಗ್ಯಾರೇಜಿಗೆ. ಆಟ ಮುಗಿದ ಮೇಲೆ ಕಾಕು ಬಾಗಿಲು ತೆರೆದು, "ಬರ್ರಿ ಒಳಗ, ಗೆದ್ದಾರ" ಎನ್ನಬೇಕು. ಅಲ್ಲಿಯವರೆಗೆ ಅವರು ಬರುವಂತಿಲ್ಲ. ಆಮೇಲೆ ಗೆಲುವಿನ ಕಾಲವೇ ಬಂತಲ್ಲ! ಊರಿಗೆಲ್ಲ ಹಬ್ಬ, ಕಾಕಾಗೆ ವನವಾಸ.

"ಅಜ್ಜಾ, ದೇ ಕಾಂಟ್ ಸೀ ಯೂ!" ಎಂದು ನನ್ನ ಮಗಳು ಬುದ್ಧಿ ಹೇಳಿದಳು.

"ಅವರಿಗೆ ನಾ ಕಾಣೂದಲ್ಲವ್ವಾ, ನನಗ ಅವರು ಕಾಣಬಾರ್ದು!"

ಒಮ್ಮೆ ತಂಡದ ದೊಡ್ಡ ಆಟಗಾರನ ಕಾಲು ಉಳುಕಿತು. ದೃಷ್ಟಿಯಾಗಿದೆ ಎಂದು ಕಾಕಾ ಉಪ್ಪು, ಒಣಮೆಣಸಿನಕಾಯಿ ಹಿಡಿದು ಟಿವಿಗೇ ನಿವಾಳಿಸಿ ಒಲೆಯ ಮೇಲೆ ಸುರಿದರು. ಹೊಗೆಯ ಅಲಾರಾಂ ಬೀದಿಯೆಲ್ಲ ಕೇಳುವಂತೆ ಕಿರುಚಿತು. ಅಗ್ನಿಶಾಮಕದವರೇ ಬಂದರು! ಕೆಮ್ಮುತ್ತ ಕೆಮ್ಮುತ್ತ ಹೊರಟವರಲ್ಲಿ ಒಬ್ಬ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: ಸ್ಕೋರೆಷ್ಟು?

ಕಪ್ ಗೆದ್ದಾಗ ಮೆರವಣಿಗೆಗೆ ಕರೆದೆ.

"ಅದಾದ್ರೂ ನೋಡ್ರಿ ಕಾಕಾ, ಆಟ ಮುಗದೈತಿ."

"ಬ್ಯಾಡವಾ ತಂಗಿ. ನಾ ನೋಡಿ, ಕಪ್ ಕೈಜಾರಿ ಬಿದ್ರ?"

ಇಂಥವರಿಗೆ ಏನು ಹೇಳುವುದು!

ಆಟಗಾರರಿಗೆ ವಯಸ್ಸಾಯಿತು, ಸೋಲಿನ ಕಾಲ ಮರಳಿತು. ಕಾಕಾರ ಆರೋಗ್ಯವೂ ಆಗಲೇ ಕೆಟ್ಟಿತು. ನಾವೆಲ್ಲ ಮುಖ ಸಪ್ಪಗೆ ಮಾಡಿಕೊಂಡರೆ ಅವರು ಮಾತ್ರ ಶಾಲು ಹೊದ್ದು ಸೋಫಾಕ್ಕೆ ಮರಳಿದರು. "ಇನ್ನ ಆರಾಮ ಕೂತ ನೋಡಬಹುದಲ್ಲಾ!"

ಕಾಕುಗೆ ಉಳಿದಿದ್ದದ್ದು ಒಂದೇ ಆಸೆ. ಈ ಮನುಷ್ಯ ಒಂದು ಗೆಲುವನ್ನಾದರೂ ಕಣ್ಣಾರೆ ನೋಡಲಿ. ಒಂದು ಸಂಜೆ ತಂಡ ಅಪರೂಪಕ್ಕೆ ಮುಂದಿತ್ತು. ಕಾಕಾ ಗೋಡೆ ಹಿಡಿದು ಎದ್ದರು. ಕಾಕು ಕೈಹಿಡಿದಳು.

"ಕೂಡ್ರಿ ಸುಮ್ನ. ಸೋತ್ರ ಸೋಲ್ಲಿ."

ಕುಳಿತರು. ಕಾಕು ಹಿಡಿದ ಕೈ ಬಿಡಲಿಲ್ಲ. ಕೊನೆಯ ಎಸೆತದಲ್ಲಿ ತಂಡ ಸೋತಿತು!

"ನೋಡಿದೇನ? ನಾ ಹೇಳಿದ್ದಿಲ್ಲೇನು?" ಕಾಕಾರ ಮುಖ ನೋಡಬೇಕಿತ್ತು, ತಾವೇ ಕಪ್ ಗೆದ್ದಂತೆ!

ಕಾಕಾ ಇಲ್ಲದ ಮೊದಲ ಸೀಸನ್ನು ಇದು. ಮೊನ್ನೆ ಕಾಕುವಿನ ಜೊತೆ ಆಟ ನೋಡುತ್ತಿದ್ದೆವು. ತಂಡ ಗೆದ್ದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಕು ಎದ್ದು ಹೋಗಿ ಗ್ಯಾರೇಜಿನ ಬಾಗಿಲು ತೆರೆದಳು.

"ಬರ್ರಿ ಒಳಗ, ಗೆದ್ದಾರ."

ಬಾಗಿಲನ್ನು ಹಾಗೇ ಬಿಟ್ಟು ಬಂದು, ಸೋಫಾದಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಕುಳಿತಳು.