ಯಾರು ಕೂಗುತ್ತಾರೆ ನೋಡೋಣ

ನಮ್ಮ ಭಾವ ಕಳ್ಳರು! ಗಾಬರಿಯಾಗಬೇಡಿ, ಪೊಲೀಸರವರೆಗೆ ಹೋಗುವಂಥದ್ದೇನಲ್ಲ. ಅವರು ಕದಿಯುವುದು ತಮ್ಮ ಮನೆಯ ಸಾಮಾನುಗಳನ್ನು ಮಾತ್ರ. ಇವತ್ತು ಗೋಡೆ ಗಡಿಯಾರ, ನಾಳೆ ಇಡ್ಲಿ ತಟ್ಟೆ, ನಾಡಿದ್ದು ಬಚ್ಚಲಮನೆಯ ಸ್ಟೂಲು. ಕದ್ದ ಮಾಲೆಲ್ಲ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬದಲ್ಲಿ ಜೋಪಾನವಾಗಿರುತ್ತದೆ. ಆಮೇಲೆ ಏನೂ ಅರಿಯದವರಂತೆ ಪೇಪರ್ ಹಿಡಿದು ಕೂತು, ಮನೆಯಲ್ಲಿ ಯಾರು ಕೂಗುತ್ತಾರೆ ಎಂದು ಕಾಯುತ್ತಾರೆ.

ಇದು ಹುಚ್ಚಲ್ಲ, ವೃತ್ತಿಯಿಂದ ಬಂದ ಚಾಳಿ. ಭಾವ ಜಯನಗರದ ಒಂದು ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದರು. ಆಫೀಸಿನವರ ಇ-ಮೇಲ್, ಫೈಲು ಎಲ್ಲ ತುಂಬಿಕೊಂಡಿರುವ ಸರ್ವರ್ ಎಂಬ ಕಂಪ್ಯೂಟರುಗಳನ್ನು ಸಾಕಿ ಸಲಹುವ ಕೆಲಸ. ಅಂಥ ಹಳೆಯ ಸರ್ವರುಗಳಲ್ಲಿ ಯಾವುದೋ ಕಾಲದಲ್ಲಿ ಯಾರೋ ಹಾಕಿಹೋದ ಪ್ರೋಗ್ರಾಮುಗಳು ಸುಮ್ಮನೆ ಓಡುತ್ತಿರುತ್ತವಂತೆ. ಯಾರಿಗೆ ಬೇಕು? ಯಾರಿಗೂ ಗೊತ್ತಿಲ್ಲ. ಕೇಳಿದರೆ ಮಾತ್ರ ಎಲ್ಲರೂ "ಇರ್ಲಿ ಬಿಡಿ" ಎನ್ನುತ್ತಾರೆ! ಅದಕ್ಕೆ ಅಡ್ಮಿನ್ನುಗಳ ಉಪಾಯ ಇದು: ಅಳಿಸಬೇಡಿ, ಹೇಳದೆ ಕೇಳದೆ ನಿಲ್ಲಿಸಿ. ಬೇಕಾದವರು ಕೂಗಿಕೊಂಡು ಬರುತ್ತಾರೆ. ಬಂದರೆ "ಸಾರಿ ಸಾರ್" ಎಂದು ಮತ್ತೆ ಚಾಲೂ ಮಾಡಿ. ಬರದಿದ್ದರೆ ಒಂದು ಕಾಪಿ ಎತ್ತಿಟ್ಟುಕೊಂಡು ಅಳಿಸಿ.

ಆಫೀಸಿನಲ್ಲಿ ಸರಿ. ಇಟ್ಟಮಡುವಿನ ಬಾಡಿಗೆ ಮನೆಯಲ್ಲಿ?

ಒಮ್ಮೆ ಮೆಟ್ಟಿಲ ಬಲ್ಬು ಬಿಚ್ಚಿಟ್ಟರು. ಮನೆ ಓನರ್ರು ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆದವರು. ಹೊಲದ ಆಚೆ ಬದಿಗೆ ಕೇಳಿಸುವಂಥ ಗಂಟಲು ಅವರದು.

"ಯಾವನ್ರೀ ಬಲ್ಬ್ ಬಿಚ್ಚಿದ್ದು? ಸೊಂಟ ಮುರ್ಕೊತಿದ್ನಲ್ರೀ!"

"ನಾನೇ ಸಾರ್. ಇದು ಯಾರಿಗಾದ್ರೂ ಬೇಕಾಗುತ್ತಾ ಅಂತ ನೋಡ್ತಿದ್ದೆ."

ಓನರ್ರು ಅಕ್ಕನನ್ನು ಪಕ್ಕಕ್ಕೆ ಕರೆದು, "ಮನೇಲಿ ಎಲ್ಲ ಚೆನ್ನಾಗಿದೀರಾ ತಾಯಿ?" ಎಂದು ಕೇಳಿದರಂತೆ.

ಭಾವನ ಈ ಪರೀಕ್ಷೆ ನಪಾಸಾಗಿದ್ದು ಒಬ್ಬರ ಮುಂದೆ ಮಾತ್ರ, ನಮ್ಮಕ್ಕನ ಮುಂದೆ. ಅಕ್ಕ ಸ್ಕೂಲ್ ಟೀಚರು. ಮಕ್ಕಳೆದುರೇ ದನಿ ಎತ್ತದವಳು ಗಂಡನೆದುರು ಎತ್ತಿಯಾಳೇ? ಇಡ್ಲಿ ತಟ್ಟೆ ಮಾಯವಾದಾಗ ಒಂದು ಮಾತೂ ಆಡದೆ ದೋಸೆ ಹುಯ್ಯತೊಡಗಿದಳು. ದಿನಗಳು ಹೋದವು, ವಾರಗಳು ಹೋದವು. ದೋಸೆ ತಿಂದು ತಿಂದು ಸಾಕಾಗಿ ಭಾವನೇ ಬಾಯಿಬಿಟ್ಟರು.

"ಇಡ್ಲಿ ತಟ್ಟೆ ಬೇಡ್ವೇನೇ ನಿಂಗೆ?"

"ಬೇಕು. ಅಟ್ಟದ್ಮೇಲಿದೆ ಅಂತ ಗೊತ್ತಿತ್ತು. ನೀವೇ ವಾಪಸ್ ಇಡ್ತೀರೇನೋ ಅಂತ ಕಾಯ್ತಿದ್ದೆ."

ಇಂಥ ಹೆಂಗಸಿನ ಜೊತೆ ಯಾವ ಪ್ರಯೋಗ ತಾನೇ ಮಾಡಲು ಸಾಧ್ಯ ಹೇಳಿ!

ನಾನು ಹೊಸ ಕಂಪ್ಯೂಟರ್ ತೆಗೆದುಕೊಂಡಾಗ ಭಾವನೇ ಗುರುಗಳು. ಜೆ.ಪಿ. ನಗರದ ನಮ್ಮ ಮನೆಗೆ ಬಂದವರು ಮೊದಲು ಮೌಸನ್ನು ಕಿತ್ತು ಪಕ್ಕಕ್ಕಿಟ್ಟರು. ಕಪ್ಪು ಪರದೆ, ಮಿನುಗುವ ಒಂದು ಗೆರೆ, ಅಷ್ಟೇ. ಕಂಪ್ಯೂಟರಿಗೆ ಏನು ಹೇಳುವುದಿದ್ದರೂ ಅಲ್ಲೇ ಟೈಪ್ ಮಾಡಿ ಹೇಳಬೇಕು. "ಎಂಟರ್ ಒತ್ತೋಕೆ ಮುಂಚೆ ಎರಡೂ ಕೈ ತೊಡೆ ಮೇಲೆ ಇಟ್ಕೊ. ಟೈಪ್ ಮಾಡಿದ್ದನ್ನ ಜೋರಾಗಿ ಓದು. ಅಳಿಸೋಕೆ ಮುಂಚೆ ಅಲ್ಲಿ ಏನೇನಿದೆ ಅಂತ ಪಟ್ಟಿ ತೆಗೆದು ನೋಡು. ಯಾವ ಸೆಟ್ಟಿಂಗ್ ಮುಟ್ಟಿದ್ರೂ ಮೊದಲು ಹಳೇದರ ಕಾಪಿ. ಬ್ಯಾಕಪ್ ಇದೆ ಅಂತ ನಂಬ್ಕೊಂಡು ಕೂರ್ಬೇಡ, ಅದರಿಂದ ಒಂದು ಫೈಲಾದ್ರೂ ವಾಪಸ್ ಬರುತ್ತಾ ಅಂತ ತೆಗೆದು ನೋಡು." ನಾನು ಕೈ ಮುಗಿದು ಮಂತ್ರೋಪದೇಶ ಪಡೆದೆ. ಬೆರಳು ಎಂಟರ್ ಹತ್ತಿರ ಹೋದರೆ ಸಾಕು, "ಕೈ! ಕೈ!" ಎಂದು ಹೌಹಾರುತ್ತಿದ್ದರು. ಪಕ್ಕದ ಮನೆಯವರು ಸಂಗೀತ ಪಾಠವೋ ಕರಾಟೆ ಪಾಠವೋ ಎಂದು ವಿಚಾರಿಸಿದ್ದುಂಟು.

"ಇಷ್ಟೊಂದು ಭಯ ಯಾಕೆ ಭಾವ?" ಎಂದೆ.

ಆಗ ಹೊರಬಿತ್ತು ಕತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಪರದೆಯ ಮೇಲೆ ಎರಡು ಕಪ್ಪು ಕಿಟಕಿಗಳು ತೆರೆದಿದ್ದವಂತೆ. ಒಂದು, ಯಾರೂ ಬಳಸದ ಹಳೆಯ ಯಂತ್ರದ್ದು. ಇನ್ನೊಂದು, ಇಡೀ ಆಫೀಸಿನ ಇ-ಮೇಲ್ ಓಡುವ ಯಂತ್ರದ್ದು. ಹಳೆಯದನ್ನು ಆಫ್ ಮಾಡುತ್ತಿದ್ದೇನೆಂದುಕೊಂಡು ಇನ್ನೊಂದನ್ನು ಆಫ್ ಮಾಡಿಬಿಟ್ಟರು! ಆಫೀಸಿಗೆ ಆಫೀಸೇ ಎದ್ದು ಅವರ ಮೇಜಿನ ಸುತ್ತ ನಿಂತಿತು.

"ಅವತ್ತು ಎಲ್ಲರಿಗೂ ನನ್ನ ಹೆಸರು ಗೊತ್ತಾಯ್ತು ನೋಡು," ಎಂದು ನಕ್ಕರು. "ಆಮೇಲೆ ಮರೆತೇಹೋದ್ರು. ತಪ್ಪು ಅವರದಲ್ಲ ಬಿಡು. ಏನೂ ಕೆಡದಿದ್ರೆ ನಮ್ಮನ್ನ ಯಾಕೆ ನೆನೆಸ್ಕೋಬೇಕು?"

ನಾನೂ ನಕ್ಕೆ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲವೆಂದು ತಿಳಿದದ್ದು ಕಂಪನಿಗೆ ಹೊಸ ಮ್ಯಾನೇಜರ್ ಬಂದ ಮೇಲೆ. ಸಾಫ್ಟ್‌ವೇರಿನವರೆಲ್ಲ ತಲೆಯ ಮೇಲೆ ಕೈಹೊತ್ತು ಕೂತಿದ್ದ ಕಾಲ ಅದು. ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಕಳಿಸುವುದು ಎಂಬ ಮಾತು ಎಲ್ಲ ಕಡೆಯೂ ನಡೆದಿತ್ತು. ಮ್ಯಾನೇಜರ್ ಭಾವನನ್ನು ಕರೆಸಿ, ಬಹಳ ವಿನಯದಿಂದಲೇ ಕೇಳಿದರಂತೆ: "ಬೇಜಾರ್ ಮಾಡ್ಕೋಬೇಡಿ ಸಾರ್, ನೀವು ದಿನಾ ಏನ್ ಮಾಡ್ತೀರಾ?"

ಭಾವ, "ಏನೂ ಆಗದ ಹಾಗೆ ನೋಡ್ಕೋತೀನಿ" ಎಂದು ಬಂದರು.

ಮನೆಗೆ ಬಂದವರು ಆ ಪ್ರಶ್ನೆಯನ್ನೇ ಮೆಲುಕು ಹಾಕಿದರು. ಆಮೇಲೆ, ಅವರೇ ಮಾಡಬಹುದಾದಂಥ ಒಂದು ಕೆಲಸ ಮಾಡಿದರು. ಮಂಡಿನೋವೆಂದು ಒಂದು ವಾರ ರಜೆ ಬರೆದುಕೊಟ್ಟು ಬಂದರು. ಈ ಸಲ ನಿಲ್ಲಿಸಿದ್ದು ಪ್ರೋಗ್ರಾಮನ್ನಲ್ಲ, ತಮ್ಮನ್ನೇ!

"ಇದೇನ್ರೀ ಹುಡುಗಾಟ?" ಎಂದಳು ಅಕ್ಕ, ಮೆಲ್ಲಗೆ.

"ನಾನು ಬೇಕೋ ಬೇಡ್ವೋ ಗೊತ್ತಾಗ್ಲಿ ಬಿಡೇ."

ಮೊಬೈಲನ್ನು ಊಟದ ಮೇಜಿನ ನಟ್ಟನಡುವೆ ಇಟ್ಟು ಕೂತರು. ಅದು ಬಾಯಿಬಿಡಲಿಲ್ಲ. ಒಮ್ಮೆ ಹೊಡೆದುಕೊಂಡಾಗ ಹಾರಿ ಎತ್ತಿಕೊಂಡರೆ, ಯಾವುದೋ ಹುಡುಗಿ ಕ್ರೆಡಿಟ್ ಕಾರ್ಡ್ ಬೇಕೇ ಎಂದಳು. ಪಾಪ, ಅವಳನ್ನು ಬಹಳ ಹೊತ್ತು ಮಾತಾಡಿಸಿದರು! ವಾರದ ನಡುವೆ ನಾನು ಹೋದಾಗ ಮುಖ ಬಾಡಿತ್ತು. ಕಾರಣವೂ ಅವರೇ ಹೇಳಿದರು. ಫೈಲುಗಳ ಕಾಪಿ ದಿನವೂ ತಾನಾಗಿ ಆಗುತ್ತದೆ. ಡಿಸ್ಕಿನಲ್ಲಿ ಜಾಗ ಕಡಿಮೆಯಾದರೆ ಹಳೆಯ ಕಸ ತಾನಾಗಿ ಹೋಗುತ್ತದೆ. ಒಂದು ಸರ್ವರ್ ಮಲಗಿದರೆ ಇನ್ನೊಂದು ತಾನಾಗಿ ಏಳುತ್ತದೆ. ಅಷ್ಟೂ ವರ್ಷ ಕೂತು ಎಲ್ಲವನ್ನೂ ಹಾಗೆ ಹೊಂದಿಸಿದವರು ಇವರೇ.

"ಯಾವುದಾದ್ರೂ ಒಂದನ್ನ ಸ್ವಲ್ಪ ಕೆಡಿಸಿ ಬರಬಾರ್ದಿತ್ತಾ ಭಾವ?"

ಅವರಿಗೆ ನಿಜವಾಗಿ ಸಿಟ್ಟು ಬಂತು. "ಛೀ, ಹಾಗನ್ಬೇಡ. ನೂರಾರು ಜನ ಅದನ್ನ ನಂಬ್ಕೊಂಡು ಕೆಲಸ ಮಾಡ್ತಾರೆ."

ನನಗೆ ತುಂಬಾ ಕೆಟ್ಟೆನಿಸಿತು. ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿದ್ದಕ್ಕೇ ಒಬ್ಬ ಮನುಷ್ಯ ಬೇಡವಾಗುವುದಾದರೆ ಅದು ಎಲ್ಲಿಯ ನ್ಯಾಯ? ಮುಂದೆ ಆ ಕಂಪನಿಯವರು ಅವರನ್ನು ಕಳಿಸಿಯೇ ಬಿಟ್ಟರು. ಬೇರೆ ಕಡೆ ಕೆಲಸವೂ ಸಿಕ್ಕಿತೆನ್ನಿ. ಆದರೆ ನಾನು ಹೇಳಹೊರಟಿದ್ದು ಅದನ್ನಲ್ಲ, ಆ ರಜೆಯ ಕೊನೆಯ ದಿನದ ಸಂಜೆಯನ್ನು.

ಅಕ್ಕ ಸ್ಕೂಲಿನಿಂದ ಬಂದಾಗ ಮನೆಗೆ ಬೀಗ. ತನ್ನ ಬೀಗದ ಕೈಯಿಂದ ಬಾಗಿಲು ತೆಗೆದರೆ ಮೊಬೈಲ್ ಮೇಜಿನ ಮೇಲೇ ಇದೆ, ಮನುಷ್ಯ ಇಲ್ಲ. ಓನರ್ರಿಗೂ ಗೊತ್ತಿಲ್ಲ. ಕತ್ತಲಾಗುತ್ತಾ ಬಂದರೂ ಸುಳಿವಿಲ್ಲ. ಅಕ್ಕ ನನಗೆ ಫೋನ್ ಮಾಡಿದಳು. "ಬೇಗ ಬಾರೇ" ಎಂದಷ್ಟೇ ಹೇಳಿ ಫೋನ್ ಇಟ್ಟಳು. ಆ ವಾರವಿಡೀ ಭಾವನ ಮುಖ ನೋಡಿದ್ದವಳ ತಲೆಯಲ್ಲಿ ಏನೇನು ಓಡುತ್ತಿತ್ತೋ. ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪಾರ್ಕು, ಬಸ್‌ಸ್ಟಾಪು, ದೇವಸ್ಥಾನ ಎಲ್ಲ ಸುತ್ತಿದೆ.

ಕೊನೆಗೆ ಸಿಕ್ಕಿದರು, ಚಿಕ್ಕಲಸಂದ್ರದ ಒಂದು ಬೇಕರಿಯ ಮುಂದೆ. ಕಟ್ಟೆಯ ಮೇಲೆ ಕೂತು, ಬೆಣ್ಣೆ ಬನ್ನು ತಿನ್ನುತ್ತಾ ಹೋಗಿಬರುವ ಬಸ್ಸುಗಳನ್ನು ನೋಡುತ್ತಿದ್ದರು.

ಸ್ಕೂಟರ್ ನಿಲ್ಲುವ ಮುಂಚೆಯೇ ಅಕ್ಕ ಇಳಿದು ಓಡಿದಳು.

"ಎಲ್ ಹಾಳಾಗ್ ಹೋಗಿದ್ರಿ? ಹೇಳಿ ಹೋಗೋಕೆ ಏನ್ರೀ ಬಂದಿತ್ತು? ಮೊಬೈಲ್ ಯಾಕೆ ಬಿಟ್ ಬಂದ್ರಿ? ನಿಮಗೇನಾದ್ರೂ ಆಗಿದ್ರೆ ನಾನೇನ್ರೀ ಮಾಡ್ಲಿ?"

ಅಂಥ ದನಿ ಅವಳಲ್ಲಿತ್ತೆಂದು ಅವಳ ತಂಗಿಯಾದ ನನಗೇ ಗೊತ್ತಿರಲಿಲ್ಲ! ಬೇಕರಿಯವನು ಟೀ ಲೋಟ ಹಿಡಿದು ಹಾಗೇ ನಿಂತ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

ಭಾವ ಎದ್ದು ನಿಂತರು. ಕೈಯಲ್ಲಿ ಅರ್ಧ ಬನ್ನು. ಕಣ್ಣು ತುಂಬಿ ಬಂದಿದೆ, ಮುಖದ ತುಂಬ ನಗು.

"ನಗ್ತಾ ಬೇರೆ ಇದೀರಾ! ಯಾಕ್ರೀ ನಗ್ತೀರಾ?"

"ಏನಿಲ್ಲ ಕಣೇ," ಎಂದರು ಭಾವ. "ನೀನು ಬಯ್ಯಿ."

ಅಕ್ಕ ಅಳುತ್ತಾ ಬಯ್ಯುತ್ತಲೇ ಇದ್ದಳು. ನಾನು ಸ್ಕೂಟರ್ ಆಫ್ ಮಾಡಿ ದೂರದಲ್ಲೇ ನಿಂತುಕೊಂಡೆ. ಸಾಕು ಮಾಡೇ ಎನ್ನಲು ನನಗೂ ಮನಸ್ಸು ಬರಲಿಲ್ಲ.