ಚಿಕ್ಕಮ್ಮನ ಸೊಟ್ಟ ಮೂಡೆ

ನನ್ನ ಚಿಕ್ಕಮ್ಮನಿಗೆ ಇದ್ದದ್ದು ಕಲೆಯ ಹುಚ್ಚು ಎಂದರೆ ಹುಚ್ಚಿಗೇ ಅವಮಾನ! ಎಪ್ಪತ್ತರ ದಶಕದಲ್ಲಿ ನಮ್ಮ ಕೊಟ್ಟಾರದ ಮನೆಯ ಗೆರಸೆ ಅಡುಗೆಮನೆಯಲ್ಲಿ ಸಿಗುತ್ತಿರಲಿಲ್ಲ. ಮೈತುಂಬ ಕೆಂಪು ತ್ರಿಕೋನ ಬಳಿಸಿಕೊಂಡು ಚಾವಡಿಯ ಗೋಡೆಯಲ್ಲಿ ನೇತಾಡುತ್ತಿತ್ತು. "ಅಕ್ಕಿ ಎಂತದರಲ್ಲಿ ಕೇರುವುದು?" ಎಂದು ಅಮ್ಮ ಕೇಳಿದರೆ, "ಅಕ್ಕಾ, ಆ ಹೆಣಿಗೆ ನೋಡಿ ಮಾರಾಯ್ರೆ, ಎಷ್ಟು ಚಂದ ಉಂಟು!" ಎಂಬ ಉತ್ತರ. ಆ ದಿನ ನಾವು ಅನ್ನದ ಜೊತೆ ಕಲ್ಲನ್ನೂ ಉಂಡೆವು.

ಊರಲ್ಲಿ ಎಲ್ಲಿ ಕಲಾಪ್ರದರ್ಶನವಾದರೂ ಚಿಕ್ಕಮ್ಮ ಹಾಜರು. ಒಮ್ಮೆ ಚಿಕ್ಕಪ್ಪನನ್ನೂ ಎಳೆದುಕೊಂಡು ಹೋದರು. ಅವರು ಒಂದೇ ಚಿತ್ರದ ಮುಂದೆ ಬಹಳ ಹೊತ್ತು ನಿಂತದ್ದು ಕಂಡು ಚಿಕ್ಕಮ್ಮನಿಗೆ ಹಿಗ್ಗೋ ಹಿಗ್ಗು. ಆಮೇಲೆ ತಿಳಿಯಿತು, ಅವರು ನಿಂತದ್ದು ಫ್ಯಾನಿನ ಕೆಳಗೆ!

ಈ ಹುಚ್ಚು ಮುಟ್ಟದೆ ಉಳಿದದ್ದು ಅಜ್ಜಿಯ ಮೂಡೆ ಮಾತ್ರ. ಮುಳ್ಳು ತೆಗೆದ ಕೇದಗೆಯ ಓಲೆಯನ್ನು ಬೆಂಕಿಗೆ ಬಾಡಿಸಿ, ಸುತ್ತಿ, ಕಡ್ಡಿ ಚುಚ್ಚಿ ಕಟ್ಟುವ ಕೊಳವೆ ಅದು. ಕೃಷ್ಣಾಷ್ಟಮಿಗೆ ಕಡುಬು ಅದರಲ್ಲೇ ಬೇಯಬೇಕು. ಅಜ್ಜಿಯ ಮೂಡೆಯಿಂದ ಒಂದು ಹನಿ ಹಿಟ್ಟು ಸೋರಿದ್ದಿಲ್ಲ. ಬೇರೆಯವರು ಓಲೆ ಮುಟ್ಟುವುದನ್ನು ಅವರು ಸಹಿಸುತ್ತಲೂ ಇರಲಿಲ್ಲ. ಆದರೆ ಆ ವರ್ಷ ಅವರ ಕೈ ನಡುಗಲು ಶುರುವಾಗಿತ್ತು. ಲೋಟ ಹಿಡಿದರೆ ಕಾಫಿ ತುಳುಕುತ್ತಿತ್ತು. ಅಷ್ಟಮಿ ಹತ್ತಿರ ಬಂದಂತೆ ನಮಗೆಲ್ಲ ಒಂದೇ ಭಯ, ಈ ಸಲ ಅಜ್ಜಿಯ ಹೆಸರು ಉಳಿಯುತ್ತದೋ ಇಲ್ಲವೋ!

ಸರಿಯಾಗಿ ಆಗಲೇ ಚಿಕ್ಕಮ್ಮನಿಗೆ ಸ್ಫೂರ್ತಿ ಬರಬೇಕೇ? "ಪ್ರದರ್ಶನದಲ್ಲಿ ಶಿಲ್ಪಗಳೆಲ್ಲ ಸೊಟ್ಟ ಉಂಟು. ಮೂಡೆ ಮಾತ್ರ ಯಾಕೆ ನೆಟ್ಟಗಿರಬೇಕು?" ಎನ್ನುತ್ತ ಅಜ್ಜಿಯ ಪಕ್ಕದಲ್ಲೇ ಓಲೆ ಹಿಡಿದು ಕೂತರು. ಒಂದು ಮೂಡೆ ಸೊಂಡಿಲಿನಂತೆ, ಇನ್ನೊಂದು ಬೂಟಿನಂತೆ! ಅಜ್ಜಿಗೆ ಬಂದ ಸಿಟ್ಟು ನೋಡಬೇಕಿತ್ತು.

"ಎಂತದ್ದು ಇದು? ನಿನ್ನ ತಲೆಯಾ?"

"ಮಾಡರ್ನ್ ಆರ್ಟ್, ಅತ್ತೆ!"

ಇಬ್ಬರ ಮೂಡೆಗಳೂ ಒಂದೇ ಬುಟ್ಟಿಗೆ ಬಿದ್ದವು. ಬೇಯಲು ಇಟ್ಟರೆ ಅರ್ಧ ಹಿಟ್ಟು ಪಾತ್ರೆಯ ನೀರಿಗೆ! "ಇದನ್ನು ತಿನ್ನುವುದಾ, ಫ್ರೇಮ್ ಹಾಕಿಸುವುದಾ?" ಎಂದರು ಚಿಕ್ಕಪ್ಪ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಬೈಯುತ್ತಿದ್ದ ಅಜ್ಜಿಯೂ ನಕ್ಕುಬಿಟ್ಟರು.

ಕೈತೊಳೆಯಲು ಹಿತ್ತಿಲಿಗೆ ಹೋದವನಿಗೆ, ಅಲ್ಲಿ ಚಿಕ್ಕಮ್ಮ ಗುಡಿಸುತ್ತಿದ್ದ ಓಲೆಯ ರಾಶಿಯಡಿ ಒಂದು ಮೂಡೆ ಕಂಡಿತು. ನೆಟ್ಟಗೆ, ಬಿಗಿಯಾಗಿ, ಅಜ್ಜಿಯ ಹಿಂದಿನ ಮೂಡೆಗಳ ಹಾಗೆಯೇ.

"ಇದು ಯಾರು ಕಟ್ಟಿದ್ದು, ಚಿಕ್ಕಮ್ಮಾ?"

"ನಾನೇ. ಮರೆತು ನೆಟ್ಟಗೆ ಕಟ್ಟಿಬಿಟ್ಟೆ." ಚಿಕ್ಕಮ್ಮ ಅದನ್ನು ಸರಸರನೆ ಬಿಡಿಸತೊಡಗಿದರು. "ಮೆಲ್ಲ ಮಾತಾಡು ಮಾರಾಯ. ಸೋರಿದ್ದರಲ್ಲಿ ಅತ್ತೆಯದ್ದು ಯಾವುದು, ನನ್ನದು ಯಾವುದು ಅಂತ ಯಾರಿಗೂ ಗೊತ್ತಾಗಬಾರದು."

ಒಳಗಿನಿಂದ ಅಜ್ಜಿಯ ಸ್ವರ ಖಣಖಣ ಕೇಳಿಸಿತು: "ಒಂದು ಮೂಡೆ ಕಟ್ಟಲಿಕ್ಕೆ ಬರುವುದಿಲ್ಲ ಇವಳಿಗೆ! ಬರುವ ವರ್ಷ ನಾನೇ ಕೂತು ಕಲಿಸಬೇಕು!"

"ಆಯ್ತು ಅತ್ತೆ," ಎಂದರು ಚಿಕ್ಕಮ್ಮ, ಓಲೆ ಬಿಡಿಸುತ್ತಲೇ. "ಕಲಿಸಿ."